ಕತ್ತೆ ಕಾಯುವ ಪಾಠ

ಓದದಿದ್ದರೆ ಕತ್ತೆ ಕಾಯ್ತೀಯ ಅಂತ
ನಮ್ಮ ಮೇಷ್ಟ್ರು ಎಷ್ಟು ಸಲ ಹೇಳಿದ್ದರೋ.
ಓದಿಯೂ ಅದೇ ಆಯಿತು ನೋಡಿ:
ಲಗ್ಗೆರೆಯ ಮೂರನೇ ಮಹಡಿಯಲ್ಲಿ, ಬೆಳಗ್ಗೆ ಒಂಬತ್ತೂವರೆಗೆ,
ತಟ್ಟೆ ತೊಳೆದ ಕೈ ಒರೆಸಿಕೊಂಡು
ಇಬ್ಬರು ಮಕ್ಕಳ ನಡುವೆ ಕೂತು
ಒಂದು ಕತ್ತೆ ಕಾಯುತ್ತೇನೆ.

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿ.
ನನ್ನ ವಯಸ್ಸಿನ ಯಾರಿಗೆ ತೋರಿಸಿದರೂ
"ಅಯ್ಯೋ ಇದಾ, ನಮ್ಮನೇಲೂ ಇತ್ತು!"
ಹದಿನಾರು ಪುಟ, ಬೆನ್ನಿಗೆ ಹಳದಿಗಟ್ಟಿದ ಗಮ್‌ಟೇಪು,
ಒಳಗೆ ಯಾರೋ ಪಂಕಜಾಕ್ಷಿ, ಎರಡನೇ ಬಿ,
ಹೆಸರು ಬರೆದು ತಾನೇ ಅಳಿಸಿದ್ದಾಳೆ.
ಕಥೆ ಇಷ್ಟೇ. ಏಳು ಗಂಟು ಹೊತ್ತ ಕತ್ತೆ
ಹೊಳೆಗೆ ಹೊರಡುತ್ತದೆ, ಪುಟಕ್ಕೊಮ್ಮೆ ನಿಲ್ಲುತ್ತದೆ,
ನಿಂತಲ್ಲೊಂದು ಗಂಟು ಜಾರುತ್ತದೆ.
ಕೊನೆಯಲ್ಲಿ ದಪ್ಪ ಅಕ್ಷರ:
ಸೋಮಾರಿ ಕತ್ತೆ ಬರಿಬೆನ್ನಲ್ಲಿ ಬಂತು.

ಸೋಮವಾರ ದಿಂಬಿನ ಚೀಲದಲ್ಲಿ ಏಳು ಗಂಟು ಕಟ್ಟಿದೆವು.
ಏಳರಲ್ಲಿ ಒಂದು ಹೋದರೆ?
"ಹುಡುಕಬೇಕು" ಅಂದಳು ಹೊನ್ನಿ. ನಾಲ್ಕು ವರ್ಷ ಅವಳಿಗೆ.
ಮಂಗಳವಾರ ಸೊಪ್ಪಿನ ಗಾಡಿಯವರ ತಕ್ಕಡಿ ಬೇಡಿ ತಂದು
ಒಣ ಟವೆಲ್ಲು ತೂಗಿದೆವು, ಆಮೇಲೆ ಒದ್ದೆಯದು.
ನೀರಿಗೂ ಬಾರ ಇದೆ ಎಂದು ನಂಜು ಗೋಡೆಗೆ ಬರೆದ,
ಭಾ ಬರೆಯಬೇಕಿದ್ದಲ್ಲಿ ಬಾ.
ಬುಧವಾರ ಕಾವೇರಿ ಬರುವ ದಿನ,
ಕೊಡ, ಬಕೆಟ್ಟು, ಪಾತ್ರೆ, ಲೋಟ,
ಪಾಠ ಇಲ್ಲ, ಅಥವಾ ಅದೇ.
ಗುರುವಾರ, "ನಮ್ಮ ಕಡೆ ಹೊಳೆ ಎಲ್ಲಮ್ಮ?"
ಸೆರಗಿಂದ ಮೂಗು ಮುಚ್ಚಿ ರಾಜಕಾಲುವೆ ತೋರಿಸಿದೆ.
"ಇಲ್ಲಿಗಾದ್ರೆ ನಾನೂ ನಿಂತ್ಕೋತಿದ್ದೆ."

ಎದುರು ಮನೆಯವರು ಕೇಳುತ್ತಾರೆ,
ಯಾವ ಸಿಲಬಸ್ಸು? ಸ್ಟೇಟಾ, ಸಿಬಿಎಸ್‌ಇಯಾ?
ಕತ್ತೆ ಅನ್ನಲಾಗದೆ ನಗುತ್ತೇನೆ.

ಅಕ್ಕಿ ಡಬ್ಬದ ಹಿಂದೆ ನಂಜುವಿನ ಯುಕೆಜಿ ಡೈರಿ ಇದೆ.
ಕೆಂಪಿಂಕಿನಲ್ಲಿ ಸ್ಲೋ, ಸ್ಲೋ,
ಮೂರು ತಿಂಗಳಿಗೆ ಇಪ್ಪತ್ತೊಂದು ಸಲ.
ನಾನೇ ಎಣಿಸಿದ್ದು.
ಎಸೆಯೋಕೂ ಆಗಿಲ್ಲ.
ಆದರೂ ಕೊನೇ ಪುಟಕ್ಕೆ ಬಂದಾಗ
ದನಿ ತಗ್ಗಿಸಿಯಾದರೂ ಓದುತ್ತಿದ್ದೆ, ಸೋಮಾರಿ ಅಂತ.
ಅಚ್ಚಾಗಿದೆಯಲ್ಲ.

ಶುಕ್ರವಾರ ಹೊಂಗೆ ಮರದಡಿಯ ಇಸ್ತ್ರಿ ಗಾಡಿಯ ದೊಡ್ಡತಾಯಮ್ಮ
ಶರಟುಗಳ ಗಂಟು ಹೊತ್ತು ಮೇಲೆ ಬಂದರು,
ಒಂದು ಲೋಟ ನೀರು ಕುಡಿದರು,
ಪುಸ್ತಕ ತೋಳುದ್ದ ದೂರ ಹಿಡಿದರು.
"ಅಕ್ಸರ ಗೊತ್ತಿಲ್ಲ ಕಣವ್ವ, ಕತ್ತೆ ಗೊತ್ತು.
ಹೊಟ್ಟೆ ನೋಡು. ಗಬ್ಬದ್ದು ಇದು, ತಿಂಗ್ಳು ತುಂಬೈತೆ.
ನಿಲ್ದೆ ಇನ್ನೇನ್ ಮಾಡ್ತದೆ?
ಇದ್ರ ಮ್ಯಾಲೆ ಏಳು ಗಂಟು ಹೇರ್ದೋನ್ ಯಾವನು?"

ಮತ್ತೆ ಮೊದಲಿಂದ ತಿರುವಿದೆವು.
ಮರದ ಕೆಳಗೆ ನಿಂತ ಪುಟ,
ಗೋಡೆಗೆ ಒರಗಿದ ಪುಟ,
ನೀರಿಗೆ ಬಾಗಲಾಗದೆ ಬಾಗಿದ ಪುಟ.
ಹೊಟ್ಟೆ ಇಷ್ಟಿಷ್ಟೇ ಇಳಿದಿದೆ.
ಬಿಡಿಸಿದವರಿಗೆ ಗೊತ್ತಿತ್ತು,
ಬರೆದವರನ್ನು ಯಾರೂ ಕರೆದು ತೋರಿಸಲಿಲ್ಲವೇನೋ.
ನಾನೋ, ಚಿಕ್ಕಂದಿನಿಂದ ನೂರು ಸಲ ಓದಿದವಳು.
ಮರಿ ಯಾವ ಪುಟದಲ್ಲಿದೆ ಎಂದು ಹೊನ್ನಿ
ರಟ್ಟಿನ ಹಿಂದೆಯೂ ನೋಡಿದಳು.
ನಂಜು ಏನೂ ಅನ್ನಲಿಲ್ಲ.

ಸಂಜೆ ಹಾಲು ತಂದು ಹತ್ತುವಾಗ
ಬೆನ್ನಿಗೆ ದಿಂಬಿನ ಗಂಟು ಕಟ್ಟಿಕೊಂಡಿದ್ದವನು
ಎರಡನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟ.
ಯಾಕೋ ಎಂದು ಬಾಯಿಗೆ ಬಂತು.
ನುಂಗಿದೆ. ಎರಡು ಮೆಟ್ಟಿಲು ಕೆಳಗೆ ನಾನೂ ನಿಂತೆ,
ಹಾಲಿನ ಪ್ಯಾಕೆಟ್ಟಿಂದ ಕಾಲ ಮೇಲೆ ತಣ್ಣನೆ ಹನಿ.
ಹಿಂದಿನಿಂದ ಗ್ಯಾಸ್ ಸಿಲಿಂಡರ್ ಹೊತ್ತ ಹುಡುಗ
"ಅಕ್ಕ, ಸ್ವಲ್ಪ ದಾರಿ" ಅಂದ.
ಹೊನ್ನಿ ಎರಡೂ ಕೈ ಚಾಚಿ ತಡೆದಳು:
"ಇರಿ ಅಣ್ಣ,
ಕತ್ತೆ ಕಾಯ್ತಾ ಇದೀವಿ."